ಸಂಸಾರ ವಿಚಾರ: ಬಿಡದಿಯಲ್ಲೊಂದು ಬಿಡದಿ

ದಾವಣಗೆರೆಯ ಕಡೆಯ ಸೋದರಿಯೊಬ್ಬರು ಈ ಪುಟಕ್ಕೆ ಬರೆದಿರುವ ಕಾಗದವನ್ನು ಈ ತಿಂಗಳ ವಿಚಾರಕ್ಕಾಗಿ ತೆಗೆದುಕೊಂಡಿದ್ದೇವೆ. ಬರುವ ರಜೆಯಲ್ಲಿ ಬೆಂಗಳೂರಿನ ಬಳಿಯಿರುವ ವಂಡರ್‌ಲಾ ವಿಹಾರೋದ್ಯಾನವನ್ನು ನೋಡಲೇಬೇಕೆಂದು ಅವರ ಮಕ್ಕಳು ಹಟ ಹಿಡಿದಿರುವರಂತೆ. ಮನೆಯಲ್ಲಿ ಒಟ್ಟು ಐವರು: ಎಪ್ಪತ್ತು ದಾಟಿದ ಅತ್ತೆಯವರು, ದಂಪತಿಗಳಿಬ್ಬರು, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು. “ಅಮ್ಮನಿಗೆ ಅಲ್ಲಿ ಏನು ಕೆಲಸ? ಯಾವ ಆಟದಲ್ಲಿಯೂ ಅವರು ಕುಳಿತುಕೊಳ್ಳಲಾರರು. ಆ ಎರಡು ದಿನ ಚಿಕ್ಕಮ್ಮನ ಮನೆಯಲ್ಲಿರಲಿ. ನಾವು ನಾಲ್ವರೂ ಒಂದೇ ಕೊಠಡಿಯಲ್ಲಿ ಹೊಂದಿಕೊಂಡು ಬಂದರೆ ಖರ್ಚೂ ಉಳಿಯುವುದು” ಎಂಬುದು ಯಜಮಾನರ ಅಭಿಪ್ರಾಯ. ಅತ್ತೆಯವರು ಬಾಯಿ ಬಿಟ್ಟು ಏನನ್ನೂ ಹೇಳಿಲ್ಲ. ಆದರೆ ಕಳೆದ ವಾರ ಪೆಟ್ಟಿಗೆಯಲ್ಲಿದ್ದ ತಮ್ಮ ಒಳ್ಳೆಯ ಸೀರೆಯನ್ನು ತೆಗೆದು ಬಿಸಿಲಿಗೆ ಹಾಕಿದರೆಂದು ಸೋದರಿಯು ಬರೆದಿರುವರು. “ನಾವು ಎಲ್ಲಿ ಇಳಿದುಕೊಳ್ಳುವುದು ಮೇಲು? ಎಷ್ಟು ಕೊಠಡಿಗಳನ್ನು ಹಿಡಿಯಬೇಕು? ಸಂಸಾರವಂದಿಗರಿಗೆ ತಕ್ಕ ವಸತಿಗೃಹವೆಂದರೆ ಯಾವುದು?” ಎಂಬುದು ಅವರ ಪ್ರಶ್ನೆ.

ಪ್ರಶ್ನೆಯು ಕೇಳುವುದಕ್ಕೆ ಚಿಕ್ಕದು. ಆದರೆ ಇದರೊಳಗೆ ಹಣದ ಮಾತಿದೆ, ಮಕ್ಕಳ ಕ್ಷೇಮದ ಮಾತಿದೆ, ಎಲ್ಲಕ್ಕಿಂತಲೂ ಹೆಚ್ಚಾಗಿ ಬಿಸಿಲಿಗೆ ಹಾಕಿದ ಆ ಸೀರೆಯ ಮಾತಿದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ವಿಚಾರಮಾಡೋಣ.

ಊರಿನ ಹೆಸರಿನಿಂದಲೇ ಆರಂಭಿಸಬಹುದು. ಈ ಉದ್ಯಾನವಿರುವುದು ಬಿಡದಿಯ ಬಳಿ. ಬಿಡದಿ ಎಂಬುದು ಊರಿನ ಹೆಸರಾಗಿರುವಂತೆಯೇ ನಮ್ಮ ಮನೆಮಾತಿನ ಒಂದು ಹಳೆಯ ಪದವೂ ಆಗಿದೆ. ಮದುವೆಗೆ ಬರುವ ಬೀಗರು ಇಳಿದುಕೊಳ್ಳುವುದಕ್ಕಾಗಿ ಹೆಣ್ಣಿನ ಕಡೆಯವರು ಗೊತ್ತುಮಾಡುವ ಮನೆಗೆ ಬಿಡದಿಯೆಂದು ಹೆಸರು. ಬಿಡದಿಯ ಮರ್ಯಾದೆಗಳೇನೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಂದವರಿಗೆ ಕೈಕಾಲು ತೊಳೆಯಲು ನೀರು, ಹಂಡೆಯಲ್ಲಿ ಬಿಸಿನೀರು, ಹಾಸಲು ಜಮಖಾನ, ಎಳೆಯ ಮಕ್ಕಳಿಗೆ ಹಾಲು, ವಯಸ್ಸಾದವರಿಗೆ ಮೆಟ್ಟಿಲು ಹತ್ತುವ ಶ್ರಮವಿಲ್ಲದ ಕೋಣೆ, ಬಾಣಂತಿಯಿದ್ದರೆ ಗಾಳಿಯಾಡದ ಮೂಲೆ, ಬೆಳಗಾಗುತ್ತಲೇ ಕಾಫಿ. ಇವುಗಳಲ್ಲಿ ಯಾವುದೊಂದಕ್ಕೆ ಲೋಪ ಬಂದರೂ ಬೀಗರ ಮುಖ ಗಂಟಿಕ್ಕುತ್ತಿದ್ದಿತು. ಜೊತೆಗೆ, ಬಿಡದಿಯಲ್ಲಿ ಮಕ್ಕಳ ತಲೆಯೆಣಿಸಿ ಲೆಕ್ಕ ಹಾಕುವ ಪದ್ಧತಿಯಿರಲಿಲ್ಲ. ಮುದುಕರಿಗೆ ಇಲ್ಲೇನು ಕೆಲಸವೆಂದು ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಹಣ ಕೊಟ್ಟು ಇಳಿಯುವ ವಸತಿಗೃಹವನ್ನೂ ನಾವು ಇದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ.

ಮಕ್ಕಳ ತಲೆಯ ಮೇಲಿನ ಸುಂಕ

ಇಡೀ ಸಂಸಾರವನ್ನು ಅತಿಥಿಯೆಂದು ಕಾಣುವ ವಸತಿಗೃಹದ ಕಲ್ಪನೆಯು ವ್ಯಾಪಾರದಲ್ಲಿ ಹೇಗೆ ಬೇರೂರಿತೆಂಬುದಕ್ಕೆ ಅಮೆರಿಕಾ ದೇಶದ ಒಂದು ವೃತ್ತಾಂತವು ಪ್ರಸಿದ್ಧವಾಗಿದೆ. ಕೆಮನ್ಸ್ ವಿಲ್ಸನ್ ಎಂಬವನು ಮೆಂಫಿಸ್ ಪಟ್ಟಣದಲ್ಲಿ ಮನೆ ಕಟ್ಟಿಸುವ ಉದ್ಯೋಗದಲ್ಲಿದ್ದನು. 1951ರ ಬೇಸಗೆಯಲ್ಲಿ ಅವನು ತನ್ನ ಪತ್ನಿಯನ್ನೂ ಐವರು ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ ನಗರಕ್ಕೆ ಪ್ರವಾಸ ಹೊರಟನು. ದಾರಿಯ ವಸತಿಗಳಲ್ಲಿ ಕೊಠಡಿಯ ಬಾಡಿಗೆಯ ಮೇಲೆ ಮಗುವೊಂದಕ್ಕೆ ಎರಡು ಡಾಲರುಗಳಂತೆ ಹೆಚ್ಚು ಹಣ ಕೇಳುತ್ತಿದ್ದರು. ಮಕ್ಕಳು ತಂದೆತಾಯಿಗಳ ಕೊಠಡಿಯಲ್ಲಿಯೇ ಮಲಗಿದರೂ ಬಾಡಿಗೆಯು ಎರಡರಷ್ಟಕ್ಕಿಂತ ಹೆಚ್ಚಾಗುತ್ತಿದ್ದಿತು. ಕೆಲವೆಡೆ ಕೊಠಡಿಗಳು ಕೊಳಕಾಗಿಯೂ ಇಕ್ಕಟ್ಟಾಗಿಯೂ ಇದ್ದುವು. ವಿಲ್ಸನ್ನನು ಬೇಸರಪಟ್ಟು ಸುಮ್ಮನಾಗಲಿಲ್ಲ. ಕೊಠಡಿಗಳ ಉದ್ದಗಲಗಳನ್ನು ತಾನೇ ಅಳೆದು ನೋಡಿ, ಊರಿಗೆ ಹಿಂದಿರುಗಿ, 1952ರ ಆಗಸ್ಟಿನಲ್ಲಿ ಮೆಂಫಿಸ್‌ನಲ್ಲಿಯೇ ತನ್ನ ಮೊದಲನೆಯ ವಸತಿಗೃಹವನ್ನು ತೆರೆದನು. ತಂದೆತಾಯಿಗಳ ಕೊಠಡಿಯಲ್ಲಿ ಮಲಗುವ ಮಕ್ಕಳಿಗೆ ಬಾಡಿಗೆಯಿಲ್ಲವೆಂಬುದೇ ಅಲ್ಲಿಯ ಮೊದಲನೆಯ ನಿಯಮ. ಹಾಲಿಡೇ ಇನ್ ಎಂಬ ಹೆಸರನ್ನು 1942ರ ಚಲಚ್ಚಿತ್ರವೊಂದರಿಂದ ಪಡೆದರು. ನಕ್ಷೆ ಬರೆದವನು ವಿನೋದಕ್ಕಾಗಿ ಕಾಗದದ ಮೇಲೆ ಗೀಚಿದ ಹೆಸರೇ ನಿಂತುಬಿಟ್ಟಿತು. ಅದು ಮುಂದೆ ಲೋಕದ ನಾನಾ ದೇಶಗಳಿಗೆ ಹರಡಿತು.

ಎಂದರೆ, ಮಗುವಿನ ಹಾಸಿಗೆಗೆ ಹಣ ಬೇಡವೆಂದ ಮಾತ್ರದಿಂದ ವ್ಯಾಪಾರವು ಕೆಡಲಿಲ್ಲ, ವೃದ್ಧಿಯೇ ಆಯಿತು. ಇಂದು ನಮ್ಮ ದೇಶದಲ್ಲಿಯೂ ಅನೇಕ ವಸತಿಗೃಹಗಳು ಒಂದು ವಯಸ್ಸಿನವರೆಗಿನ ಮಕ್ಕಳಿಗೆ ಬಾಡಿಗೆ ಕೇಳುವುದಿಲ್ಲ. ಆದರೆ ಆ ವಯಸ್ಸು ಒಂದೆಡೆ ಐದು, ಇನ್ನೊಂದೆಡೆ ಆರು, ಮತ್ತೊಂದೆಡೆ ಹನ್ನೆರಡು. ಮಗುವಿಗೆ ಬಾಡಿಗೆಯಿಲ್ಲವೆಂದ ಕಡೆಯಲ್ಲಿಯೇ ಬೆಳಗಿನ ಉಪಾಹಾರಕ್ಕೆ ಬೇರೆ ಹಣ, ನೆಲದ ಮೇಲೆ ಹಾಸುವ ಮೆತ್ತೆಗೆ ಬೇರೆ ಹಣ ಎಂದು ಹೇಳುವುದೂ ಉಂಟು. ಆದುದರಿಂದ “ಮಕ್ಕಳಿಗೆ ಎಷ್ಟು?” ಎಂದು ಒಂದೇ ಮಾತಿನಲ್ಲಿ ಕೇಳಿದರೆ ಸಾಲದು. ಬಾಡಿಗೆಗೆ ಎಷ್ಟು, ಹಾಸಿಗೆಗೆ ಎಷ್ಟು, ತಿಂಡಿಗೆ ಎಷ್ಟು ಎಂದು ಮೂರು ಮಾತಾಗಿ ಕೇಳಬೇಕು.

ಉದ್ಯಾನವೂ ವಸತಿಯೂ

ವಿಹಾರೋದ್ಯಾನದ ಪಕ್ಕದಲ್ಲಿ ವಸತಿಗೃಹವಿರಬೇಕೆಂಬ ವಿಚಾರಕ್ಕೂ ಆ ಕಾಲದ ಒಂದು ದೃಷ್ಟಾಂತವಿದೆ. ವಾಲ್ಟ್ ಡಿಸ್ನಿಯು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡನ್ನು ತೆರೆದಾಗ ಅವನ ಬೊಕ್ಕಸವು ಬರಿದಾಗಿದ್ದಿತು. ವಸತಿಗೃಹವನ್ನು ಕಟ್ಟುವ ಕೆಲಸವನ್ನು ಅವನು ಜ್ಯಾಕ್ ರ್‍ಯಾದರ್ ಎಂಬ ಬೇರೊಬ್ಬ ಉದ್ಯಮಿಗೆ ಒಪ್ಪಿಸಬೇಕಾಯಿತು. ಆ ಗೃಹವು ಅದೇ ವರ್ಷದ ಅಕ್ಟೋಬರಿನಲ್ಲಿ ತೆರೆಯಿತು. ಉದ್ಯಾನದ ಸುತ್ತಲಿನ ನೆಲವೂ ಡಿಸ್ನಿಯದಾಗಿರಲಿಲ್ಲ. ಜನಸಂದಣಿಯನ್ನು ಕಂಡು ಸುತ್ತಮುತ್ತಲಿನವರೆಲ್ಲರೂ ತಮಗೆ ತೋಚಿದಂತೆ ವಸತಿಗಳನ್ನೂ ಅಂಗಡಿಗಳನ್ನೂ ಎಬ್ಬಿಸಿದರು. ಈ ಅನುಭವದಿಂದಲೇ ಫ್ಲಾರಿಡಾದಲ್ಲಿ ಎರಡನೆಯ ಉದ್ಯಾನಕ್ಕಾಗಿ ಸುಮಾರು 27,000 ಎಕರೆ ಭೂಮಿಯನ್ನು ಮೊದಲೇ ಕೊಂಡಿಟ್ಟುಕೊಂಡರು. ಡಿಸ್ನಿಯು 1966ರಲ್ಲಿ ತೀರಿಕೊಂಡನು. 1971ರ ಅಕ್ಟೋಬರ್ 1ರಂದು ತೆರೆದ ಆ ಉದ್ಯಾನದ ಜೊತೆಯಲ್ಲಿ, ಅದೇ ಎಲ್ಲೆಯೊಳಗೆ, ಎರಡು ವಸತಿಗೃಹಗಳೂ ಆರಂಭವಾದುವು. ಉದ್ಯಾನವನ್ನು ನೋಡಲು ಬರುವವರು ಒಂದು ದಿನದ ಪ್ರೇಕ್ಷಕರು ಮಾತ್ರವಲ್ಲ, ರಾತ್ರಿ ತಂಗುವ ಅತಿಥಿಗಳೂ ಹೌದೆಂಬ ತಿಳಿವಳಿಕೆಯು ಆಗ ನೆಲೆಗೊಂಡಿತು.

ನಮ್ಮ ಬಿಡದಿಯ ಕಥೆಯೂ ಇದರ ಜಾಡಿನಲ್ಲಿಯೇ ಸಾಗಿದೆ. ವಿ-ಗಾರ್ಡ್ ಸಂಸ್ಥೆಯನ್ನು ಸ್ಥಾಪಿಸಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯ ಬಳಿ ವೀಗಾಲ್ಯಾಂಡ್ ಎಂಬ ಉದ್ಯಾನವನ್ನು ತೆರೆದರು. 2005ರಲ್ಲಿ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್ ದೂರದಲ್ಲಿ ವಂಡರ್‌ಲಾ ಉದ್ಯಾನವು ಆರಂಭವಾಯಿತು. ಅದಕ್ಕೆ ಹೊಂದಿಕೊಂಡಂತೆ 84 ಕೊಠಡಿಗಳ ರಿಸಾರ್ಟ್ ಒಂದನ್ನು ಅದೇ ಸಂಸ್ಥೆಯವರು 2012ರಲ್ಲಿ ತೆರೆದರು. ಉದ್ಯಾನವು ತೆರೆದು ಏಳು ವರ್ಷಗಳಾದ ಮೇಲೆ ವಸತಿಯು ಬಂದಿತೆಂಬುದನ್ನು ಗಮನಿಸಬೇಕು. ನಗರದವರು ಸಂಜೆಗೆ ಮನೆ ಸೇರಿಕೊಳ್ಳುವರು. ದೂರದವರಿಗೆ ರಾತ್ರಿಯೊಂದು ಪ್ರಶ್ನೆಯಾಗಿಯೇ ಉಳಿಯುವುದು.

ಇಳಿದುಕೊಳ್ಳಲು ಮೂರು ದಾರಿಗಳು

ಹೊರಗಿನಿಂದ ಬರುವ ಸಂಸಾರಕ್ಕೆ ಮೂರು ಬಗೆಯ ವಸತಿಗಳು ದೊರೆಯುವುವು.

ಮೊದಲನೆಯದು, ಉದ್ಯಾನದ ಮಗ್ಗುಲಲ್ಲಿಯೇ ಇರುವ ರಿಸಾರ್ಟ್. ಬಾಡಿಗೆಯಲ್ಲಿ ಇದು ಅಗ್ಗವೆನ್ನುವಂತಿಲ್ಲ. ಆದರೆ ವಾಹನದ ವೆಚ್ಚವೂ ದಾರಿಯ ಆಯಾಸವೂ ಉಳಿಯುವುವು. ಎರಡನೆಯದು, ಬಿಡದಿ, ರಾಮನಗರ, ಕೆಂಗೇರಿಗಳ ಸಾಧಾರಣ ವಸತಿಗೃಹಗಳು. ಇವುಗಳಲ್ಲಿ ಸಂಸಾರವಂದಿಗರಿಗೆ ತಕ್ಕವೂ ಉಂಟು, ದಾರಿಹೋಕರಿಗಾಗಿಯೇ ನಡೆಯುವಂಥವೂ ಉಂಟು. ಕೆಳಗೆ ಪಾನಗೃಹ ನಡೆಯುತ್ತಿರುವ ಮಹಡಿಯ ಕೊಠಡಿಯು ಎಷ್ಟು ಅಗ್ಗವಾದರೂ ಹೆಂಗಸರು ಮಕ್ಕಳಿಗೆ ತಕ್ಕುದಲ್ಲ. ಮೂರನೆಯದು, ಬೆಂಗಳೂರಿನಲ್ಲಿಯೇ ಮೆಜೆಸ್ಟಿಕ್ಕಿನ ಸುತ್ತಮುತ್ತ ಇಳಿದುಕೊಂಡು ಹೋಗಿಬರುವುದು. ನಗರದ ನೇರಳೆ ಮಾರ್ಗದ ಮೆಟ್ರೋ ರೈಲು 2023ರ ಅಕ್ಟೋಬರಿನಿಂದ ಕೆಂಗೇರಿಯನ್ನು ದಾಟಿ ಚಲ್ಲಘಟ್ಟದವರೆಗೆ ಓಡುತ್ತಿರುವುದರಿಂದ ಈ ದಾರಿಯು ಮೊದಲಿಗಿಂತ ಸುಲಭವಾಗಿದೆ. ಅಲ್ಲಿಂದ ಮುಂದಕ್ಕೆ ಬಸ್ಸನ್ನೋ ಬಾಡಿಗೆಯ ಗಾಡಿಯನ್ನೋ ಹಿಡಿಯಬೇಕು.

ಸ್ವಂತ ವಾಹನದಲ್ಲಿ ಬರುವವರಿಗೆ ಒಂದು ಎಚ್ಚರಿಕೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ನಡುದಾರಿಯು ಬಿಡದಿಯ ಪೇಟೆಯನ್ನು ಬಳಸಿಕೊಂಡು ಹೋಗುವುದು. ಅದರಲ್ಲಿ ವೇಗವಾಗಿ ಸಾಗುವವರು ತಾವು ಇಳಿಯಬೇಕಾದ ಸ್ಥಳವನ್ನು ದಾಟಿಹೋಗುವುದುಂಟು. ಎಲ್ಲಿ ಪಕ್ಕದ ರಸ್ತೆಗೆ ಇಳಿಯಬೇಕೆಂಬುದನ್ನು ವಸತಿಗೃಹದವರಿಂದಲೇ ಮೊದಲು ಕೇಳಿಕೊಳ್ಳಬೇಕು. ಅದೇ ವರ್ಷದ ಆಗಸ್ಟ್ 1ರಿಂದ ಆ ನಡುದಾರಿಯಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋರಿಕ್ಷಾಗಳಿಗೂ ಪ್ರವೇಶವನ್ನು ನಿಷೇಧಿಸಿದ್ದಾರೆ. ಅವರು ಪಕ್ಕದ ರಸ್ತೆಯಲ್ಲಿಯೇ ಬರತಕ್ಕದ್ದು.

ಈ ಮೂರರಲ್ಲಿ ಯಾವುದು ಮೇಲೆಂಬುದನ್ನು ಬಾಡಿಗೆಯೊಂದರಿಂದಲೇ ನಿರ್ಣಯಿಸಬಾರದು. ಗಟ್ಟಿಮುಟ್ಟಾದ ಯುವಕರ ತಂಡಕ್ಕೆ ಮೆಜೆಸ್ಟಿಕ್ಕಿನ ಲಾಡ್ಜು ಧಾರಾಳವಾಗಿ ಸಾಕು. ಆದರೆ ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ವರ್ಷದ ಮಗುವಿಗೆ ನಿದ್ರೆಯ ಹೊತ್ತು, ಎಪ್ಪತ್ತರ ಅಜ್ಜಿಗೆ ಕಾಲುನೋವಿನ ಹೊತ್ತು. ಆಗ ಹಾಸಿಗೆಯು ಹತ್ತು ನಿಮಿಷಗಳ ದೂರದಲ್ಲಿರುವುದೋ, ಎರಡು ಗಂಟೆಗಳ ದೂರದಲ್ಲಿರುವುದೋ ಎಂಬುದೇ ಆ ದಿನದ ಸುಖದುಃಖವನ್ನು ನಿರ್ಧರಿಸುವುದು. ಎಳೆಯರೂ ವೃದ್ಧರೂ ಇರುವ ಸಂಸಾರಕ್ಕೆ ಸಾಮೀಪ್ಯವೆಂಬುದು ಭೋಗವಲ್ಲ, ಅವಶ್ಯಕತೆ.

ಯಾವ ರಾತ್ರಿ?

ಬಹು ಮಂದಿ ಗೃಹಸ್ಥರು ಉದ್ಯಾನಕ್ಕೆ ಹೋಗುವ ಮುಂಚಿನ ರಾತ್ರಿ ವಸತಿ ಹಿಡಿದು, ಆಟದ ದಿನ ಸಂಜೆಯೇ ಊರಿಗೆ ಹೊರಟುಬಿಡುವರು. ಇದು ತಲೆಕೆಳಗಾದ ಲೆಕ್ಕ. ಉದ್ಯಾನದ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಬೆಳಿಗ್ಗೆ 11 ಗಂಟೆಗೆ. ಮುಂಜಾನೆಯೇ ಎದ್ದು ಓಡಬೇಕಾದ ಕಾರಣವೇ ಇಲ್ಲ. ಆಯಾಸವಿರುವುದೆಲ್ಲ ಸಂಜೆಗೆ. ಅಲೆಗಳೇಳುವ ಕೊಳದಲ್ಲಿ ಗಂಟೆಗಟ್ಟಲೆ ನೆನೆದ ಮಕ್ಕಳು, ಒದ್ದೆ ಬಟ್ಟೆಗಳ ಗಂಟು, ನಡೆದು ನಡೆದು ಸೋತ ಹಿರಿಯರು, ಸಂಜೆಯ ಹೊತ್ತಿನ ಮೈಸೂರು ರಸ್ತೆಯ ವಾಹನಗಳ ಸಾಲು, ಅದರ ಮೇಲೆ ರಾತ್ರಿಯ ರೈಲು. ದಿನವೆಲ್ಲ ಗಳಿಸಿದ ಸಂತೋಷವನ್ನು ಕಳೆದುಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಧನ ಬೇಕಿಲ್ಲ.

ಒಂದೇ ರಾತ್ರಿಗೆ ಹಣವಿದ್ದರೆ ಆಟದ ದಿನದ ರಾತ್ರಿಯನ್ನೇ ಹಿಡಿಯಬೇಕು. ವಸತಿಗೃಹಗಳಲ್ಲಿ ಕೊಠಡಿಯು ಕೈಗೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಗಂಟೆಯ ಹೊತ್ತಿಗೆ. ಆದರೆ ಬೆಳಿಗ್ಗೆಯೇ ಬಂದವರು ಪೆಟ್ಟಿಗೆಗಳನ್ನು ಕಚೇರಿಯಲ್ಲಿ ಒಪ್ಪಿಸಿ ಹೋಗುವುದಕ್ಕೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಬೆಳಿಗ್ಗೆ ಬಿಡದಿಯ ತಟ್ಟೆ ಇಡ್ಲಿಯನ್ನು ತಿಂದು, ಪೆಟ್ಟಿಗೆಗಳನ್ನು ಒಪ್ಪಿಸಿ, 11ಕ್ಕೆ ಉದ್ಯಾನವನ್ನು ಸೇರಿ, ಮಧ್ಯಾಹ್ನ ಅಜ್ಜಿಯೂ ಕಿರಿಯ ಮಗುವೂ ಕೊಠಡಿಗೆ ಹಿಂದಿರುಗಿ ಮಲಗಿ, ಸಂಜೆ ಎಲ್ಲರೂ ಬಿಸಿನೀರಿನ ಸ್ನಾನಮಾಡಿ ಉಂಡು ನಿದ್ರಿಸಿದರೆ ಮರುದಿನದ ಪ್ರಯಾಣವು ಭಾರವಾಗದು. ಇಷ್ಟಕ್ಕೆ ಮುಂಚಿತವಾಗಿ ಕೇಳಿ ತಿಳಿದುಕೊಳ್ಳಬೇಕಾದ ಮುಖ್ಯ ವಿಷಯವೊಂದಿದೆ: ನಡುವೆ ಹೊರಗೆ ಬಂದವರು ಅದೇ ಚೀಟಿಯಲ್ಲಿ ಮತ್ತೆ ಉದ್ಯಾನದೊಳಕ್ಕೆ ಹೋಗಬಹುದೇ, ಹೋಗುವುದಾದರೆ ಯಾವ ಗುರುತು ಬೇಕು ಎಂಬುದು.

ಹಣದ ಲೆಕ್ಕ

ಕೊಠಡಿಯ ಬಾಡಿಗೆಯೆಂದು ಹೇಳುವ ಮೊಬಲಗಿನ ಮೇಲೆ ಸರಕಾರದ ತೆರಿಗೆ ಬೀಳುವುದು. 2025ರ ಸೆಪ್ಟೆಂಬರ್ 22ರಿಂದ ದಿನವೊಂದಕ್ಕೆ 7,500 ರೂಪಾಯಿಗಳವರೆಗಿನ ಕೊಠಡಿಗೆ ನೂರಕ್ಕೆ 5ರಂತೆಯೂ, ಅದಕ್ಕೆ ಮೇಲ್ಪಟ್ಟ ಕೊಠಡಿಗೆ ನೂರಕ್ಕೆ 18ರಂತೆಯೂ ಜಿ.ಎಸ್.ಟಿ. ತೆರಿಗೆಯು ಗೊತ್ತಾಗಿದೆ. ಈ ಲೆಕ್ಕವು ಕೊಠಡಿಯೊಂದೊಂದಕ್ಕೂ ಬೇರೆಬೇರೆಯಾಗಿ ನಡೆಯುವುದೆಂಬುದನ್ನು ಅನೇಕರು ಗಮನಿಸುವುದಿಲ್ಲ. ದೃಷ್ಟಾಂತಕ್ಕೆ, ಐವರು ಮಲಗಬಹುದಾದ ಒಂದು ದೊಡ್ಡ ಕೊಠಡಿಗೆ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ತೆರಿಗೆಯು 1,440 ಆಗುವುದು. ತಲಾ 4,000 ರೂಪಾಯಿಗಳ ಎರಡು ಕೊಠಡಿಗಳನ್ನು ಹಿಡಿದರೆ ಬಾಡಿಗೆಯು ಅಷ್ಟೇ ಆದರೂ ತೆರಿಗೆಯು ಎರಡಕ್ಕೂ ಸೇರಿ 400 ಮಾತ್ರ. ಉಳಿತಾಯವು 1,040 ರೂಪಾಯಿ. ಜೊತೆಗೆ ಬಚ್ಚಲು ಎರಡು. ಬೆಳಗಿನ ಹೊತ್ತು ಐವರಿಗೆ ಒಂದೇ ಬಚ್ಚಲೆಂದರೆ ಏನೆಂಬುದನ್ನು ಗೃಹಸ್ಥರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಕೆಲವು ಭೋಜನಶಾಲೆಗಳು ಊಟದ ಬಿಲ್ಲಿನಲ್ಲಿ ಸೇವಾಶುಲ್ಕವೆಂದು ನೂರಕ್ಕೆ ಇಷ್ಟೆಂದು ತಾವಾಗಿಯೇ ಸೇರಿಸಿಬಿಡುವುವು. ಹೀಗೆ ಕೇಳದೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ವಿಧಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಅಂಥ ಬಾಬು ಕಂಡರೆ ತೆಗೆದುಹಾಕಬೇಕೆಂದು ವಿನಯದಿಂದಲೇ ಕೇಳಬಹುದು. ತಕರಾರು ಬಂದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಡಿಸಿದವನು ಮನಸ್ಸಿಟ್ಟು ನೋಡಿಕೊಂಡಿದ್ದರೆ ಅವನ ಕೈಗೆ ನೇರವಾಗಿ ನಾಲ್ಕು ಕಾಸು ಕೊಡುವುದು ಬೇರೆಯ ಮಾತು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಉದ್ಯಾನದ ಚೀಟಿಯ ವಿಷಯದಲ್ಲಿಯೂ ಎರಡು ಸಂಗತಿಗಳನ್ನು ನೆನಪಿಡಬೇಕು. ಅಲ್ಲಿ ಮಕ್ಕಳ ದರವನ್ನು ನಿರ್ಣಯಿಸುವುದು ವಯಸ್ಸಿನಿಂದಲ್ಲ, ಎತ್ತರದಿಂದ. ದೊಡ್ಡ ಆಟಯಂತ್ರಗಳಿಗೆ ಹತ್ತಿಸುವಾಗಲೂ ಎತ್ತರವನ್ನೇ ನೋಡುವರು. ಆದುದರಿಂದ ಹೊರಡುವ ಮೊದಲೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದು, ಯಾವ ಆಟವು ಯಾರಿಗೆ ಸಲ್ಲುವುದು, ಯಾರಿಗೆ ಸಲ್ಲದು ಎಂಬುದನ್ನು ಮನೆಯಲ್ಲಿಯೇ ತಿಳಿಯಹೇಳಬೇಕು. ಅರ್ಧ ಗಂಟೆ ಸಾಲಿನಲ್ಲಿ ನಿಂತ ಮೇಲೆ ಕಡ್ಡಿಯ ಮುಂದೆ ನಿಲ್ಲಿಸಿ ಹಿಂದಕ್ಕೆ ಕಳುಹಿಸಿದರೆ ಮಗುವಿನ ಮನಸ್ಸಿಗೆ ಆಗುವ ನೋವನ್ನು ಯಾವ ಐಸ್‌ಕ್ರೀಮೂ ಕಳೆಯಲಾರದು. ಎರಡನೆಯದಾಗಿ, ನೀರಿನ ಆಟಗಳಿಗೆ ನೈಲಾನಿನಂಥ ಬಟ್ಟೆಯ ಈಜುಡುಪನ್ನು ಮಾತ್ರ ಒಪ್ಪುವರು. ಸೀರೆ, ಚೂಡಿದಾರ, ಹತ್ತಿಯ ಅಂಗಿಗಳನ್ನು ತೊಟ್ಟು ನೀರಿಗಿಳಿಯಲು ಬಿಡುವುದಿಲ್ಲ. ಇದನ್ನು ತಿಳಿಯದೆ ಹೋದವರು ಅಲ್ಲಿಯ ಅಂಗಡಿಯಲ್ಲಿ ಐವರಿಗೂ ಉಡುಪು ಕೊಳ್ಳಬೇಕಾಗುವುದು. ಊರಿನಲ್ಲಿಯೇ ಕೊಂಡು ಒಯ್ಯುವುದು ಜಾಣತನ.

ಕೊಠಡಿಯನ್ನು ಪರೀಕ್ಷಿಸುವ ಬಗೆ

ಬಾಗಿಲಿನಲ್ಲಿ ಬಣ್ಣದ ಬೊಂಬೆಗಳನ್ನು ನಿಲ್ಲಿಸಿ, ಗೋಡೆಗೆ ಚಿತ್ರಗಳನ್ನು ಬರೆಸಿದ ಮಾತ್ರಕ್ಕೆ ವಸತಿಗೃಹವು ಮಕ್ಕಳಿಗೆ ತಕ್ಕುದಾಗುವುದಿಲ್ಲ. ಪೆಟ್ಟಿಗೆಯನ್ನು ಇಳಿಸುವ ಮೊದಲು ಗೃಹಿಣಿಯು ತಾನೇ ಹೋಗಿ ಕೊಠಡಿಯನ್ನು ನೋಡುವುದು ಒಳ್ಳೆಯದು. ಇದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಮೊದಲು ಮಹಡಿಯ ಮೊಗಸಾಲೆ. ಕಂಬಿಗಳ ನಡುವೆ ಮಗುವಿನ ತಲೆ ತೂರುವಂತಿದ್ದರೆ, ಅಥವಾ ಕಂಬಿಯ ಪಕ್ಕದಲ್ಲಿಯೇ ಹತ್ತಿ ನಿಲ್ಲಬಹುದಾದ ಕುರ್ಚಿಯೋ ಮೇಜೋ ಇದ್ದರೆ, ನೆಲದಂತಸ್ತಿನ ಕೊಠಡಿಯನ್ನೇ ಕೇಳಬೇಕು. ಮುಂದೆ ಬಚ್ಚಲು. ನೆಲವು ಜಾರುವುದೇ, ಹಿರಿಯರು ಹಿಡಿದುಕೊಳ್ಳಲು ಹಿಡಿಯಿದೆಯೇ, ಕುಳಿತೇಳುವ ಶೌಚದ ಪೀಠವಿದೆಯೇ, ಒಳಗಿನ ಚಿಲಕವನ್ನು ಮಗುವು ಹಾಕಿಕೊಂಡರೆ ಹೊರಗಿನಿಂದ ತೆರೆಯುವ ಉಪಾಯವಿದೆಯೇ ಎಂಬುದನ್ನು ನೋಡಬೇಕು. ನಲ್ಲಿಯಲ್ಲಿ ಬರುವ ಬಿಸಿನೀರು ಕೆಲವೆಡೆ ಚರ್ಮ ಸುಡುವಷ್ಟಿರುವುದು. ಮೊದಲು ದೊಡ್ಡವರು ಕೈಯಿಟ್ಟು ನೋಡಿದಲ್ಲದೆ ಮಕ್ಕಳನ್ನು ನಿಲ್ಲಿಸಬಾರದು. ಗ್ಯಾಸಿನಿಂದ ನೀರು ಕಾಯಿಸುವ ಯಂತ್ರವು ಗಾಳಿಯಾಡದ ಬಚ್ಚಲಿನೊಳಗೇ ಇದ್ದರೆ ಆ ಕೊಠಡಿಯನ್ನು ಬೇಡವೆನ್ನಬೇಕು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ವಾಸನೆಯಾಗಲಿ ಬಣ್ಣವಾಗಲಿ ಇಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಪ್ರಾಣಬಿಟ್ಟ ಪ್ರಸಂಗಗಳು ನಮ್ಮಲ್ಲಿ ಅನೇಕವಾಗಿ ನಡೆದಿವೆ.

ಕೊನೆಯದು ಈಜುಕೊಳ. ವಸತಿಗೃಹದ ಕೊಳವು ನೋಡುವುದಕ್ಕೆ ಎಷ್ಟು ಅಂದವೋ ಅಷ್ಟೇ ಅಪಾಯಕರ. ಸುತ್ತಲೂ ಬೇಲಿಯುಂಟೋ, ಆಳವನ್ನು ಅಂಕಿಗಳಲ್ಲಿ ಬರೆದಿದೆಯೋ, ಕಾವಲುಗಾರನು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇರುವನೋ ವಿಚಾರಿಸಬೇಕು. ಕಾವಲುಗಾರನಿದ್ದಾನೆಂದು ತಂದೆತಾಯಿಗಳು ಮೈಮರೆಯಬಾರದು. ನೀರಿನಲ್ಲಿ ಮುಳುಗುವ ಮಗುವು ಕೂಗುವುದಿಲ್ಲ, ಸದ್ದಿಲ್ಲದೆ ಇಳಿದುಹೋಗುವುದು. ನಾಲ್ಕು ವರ್ಷದ ಮಗುವು ನೀರಿನ ಬಳಿ ಇರುವಷ್ಟು ಹೊತ್ತೂ ಹಿರಿಯರೊಬ್ಬರ ಕೈಗೆ ಸಿಗುವಷ್ಟು ಹತ್ತಿರದಲ್ಲಿರಬೇಕು. ಆ ಹಿರಿಯರ ಕೈಯಲ್ಲಿ ಮೊಬೈಲ್ ಫೋನ್ ಇರಕೂಡದು. ಇದನ್ನು ನಾವು ಬಹಳ ಆಲೋಚಿಸಿಯೇ ಬರೆಯುತ್ತಿದ್ದೇವೆ.

ಅಜ್ಜಿಗೆ ಅಲ್ಲೇನು ಕೆಲಸ?

ಈಗ ಯಜಮಾನರ ಪ್ರಶ್ನೆಗೆ ಬರೋಣ. ಅವರ ಮಾತಿನಲ್ಲಿ ಕೇಡಿಲ್ಲ. ತಾಯಿಗೆ ಆಯಾಸವಾದೀತೆಂಬ ಮರುಕವೂ ಅದರಲ್ಲಿ ಸೇರಿರುವುದು. ರಕ್ತದ ಒತ್ತಡ, ಹೃದಯದ ದೌರ್ಬಲ್ಯ, ಬೆನ್ನುನೋವು ಇರುವವರು ವೇಗದ ಆಟಯಂತ್ರಗಳನ್ನು ಹತ್ತಬಾರದೆಂಬುದೂ ನಿಜವೇ. ಆದರೆ ಆಟವಾಡುವುದಕ್ಕಾಗಿ ಅಜ್ಜಿಯು ಹೊರಟಿಲ್ಲ. ಮೊಮ್ಮಕ್ಕಳು ಆಡುವುದನ್ನು ನೋಡುವುದಕ್ಕಾಗಿ ಹೊರಟಿರುವರು. ಮಗುವು ಆಟದಿಂದ ಇಳಿದು ಓಡಿಬಂದು “ಅಜ್ಜೀ, ನೋಡಿದೆಯಾ?” ಎಂದು ಕೇಳುವುದಕ್ಕೆ ಒಬ್ಬರು ಬೇಕು. ನೋಡುವವರಿಲ್ಲದ ಆಟದಲ್ಲಿ ಮಕ್ಕಳಿಗೆ ಅರ್ಧ ಸಂತೋಷವೇ.

ಹಿರಿಯರನ್ನು ಕರೆದೊಯ್ಯುವವರು ಅವರನ್ನು ಬೆಂಚಿನ ಮೇಲೆ ಚೀಲಗಳ ಕಾವಲಿಗೆ ಕೂರಿಸಿ ಹೋಗುವ ಪದ್ಧತಿಯನ್ನು ಮಾತ್ರ ಬಿಡಬೇಕು. ಚೀಲಗಳಿಗೆ ಬೀಗದ ಪೆಟ್ಟಿಗೆಗಳು ಬಾಡಿಗೆಗೆ ದೊರೆಯುವುವು. ಅಜ್ಜಿಯ ಜೊತೆಗೆ ಯಾವಾಗಲೂ ಒಬ್ಬರು ಸರದಿಯಂತೆ ಇರಬೇಕು. ಗಂಡಸರೂ ಈ ಸರದಿಯಲ್ಲಿ ಸೇರತಕ್ಕದ್ದು. ಅರುವತ್ತು ದಾಟಿದವರಿಗೆ ಚೀಟಿಯಲ್ಲಿ ರಿಯಾಯಿತಿಯುಂಟೇ ಎಂದು ಕೇಳಿ, ವಯಸ್ಸಿನ ಗುರುತುಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಮಧ್ಯಾಹ್ನದ ವಿಶ್ರಾಂತಿಗೆ ಕೊಠಡಿಯು ಪಕ್ಕದಲ್ಲಿಯೇ ಇರಬೇಕೆಂದು ನಾವು ಮೇಲೆ ಹೇಳಿದುದಕ್ಕೆ ಇದೇ ಕಾರಣ.

ಹಾಗೆಯೇ, ಮೊದಲನೆಯ ದಿನವು ಮಕ್ಕಳದಾದರೆ ಎರಡನೆಯ ದಿನವು ಅಜ್ಜಿಯದಾಗಲಿ. ಬಿಡದಿಯಿಂದ ಮೈಸೂರಿನ ಕಡೆಗೆ ಸ್ವಲ್ಪ ದೂರ ಹೋದರೆ ರಾಮನಗರದಲ್ಲಿ ಜಾನಪದ ಲೋಕವಿದೆ. ಎಚ್. ಎಲ್. ನಾಗೇಗೌಡರು ಊರೂರು ತಿರುಗಿ ಕೂಡಿಸಿದ ಹಳೆಯ ಕಾಲದ ವಸ್ತುಗಳು ಅಲ್ಲಿರುವುವು: ಒನಕೆ, ಬೀಸುವ ಕಲ್ಲು, ಕಡೆಗೋಲು, ಸೇರು ಪಾವುಗಳು, ನೇಗಿಲು ಕೂರಿಗೆಗಳು, ತೊಗಲುಗೊಂಬೆಗಳು. ಅಲ್ಲಿ ವಿವರಣೆ ಹೇಳುವವರು ಅಜ್ಜಿಯೇ. ಬಾಯಿ ತೆರೆದು ಕೇಳುವವರು ಮೊಮ್ಮಕ್ಕಳು. ಹಿಂದಿನ ದಿನ ಯಂತ್ರಗಳ ಮುಂದೆ ಏನೂ ತಿಳಿಯದವರಂತೆ ಕುಳಿತಿದ್ದವರು ಇಂದು ಎಲ್ಲವನ್ನೂ ತಿಳಿದವರಾಗುವರು. ಅಲ್ಲಿಂದ ಚನ್ನಪಟ್ಟಣವು ಹತ್ತಿರ. ಅರಗಿನ ಬಣ್ಣದ ಮರದ ಬೊಂಬೆಯೊಂದನ್ನು ಅಜ್ಜಿಯ ಕೈಯಿಂದಲೇ ಮಕ್ಕಳಿಗೆ ಕೊಡಿಸಿದರೆ ಖರ್ಚೂ ಹೆಚ್ಚಲ್ಲ.

ಗೃಹಿಣಿಯ ರಜೆ

ಕಾಗದ ಬರೆದ ಸೋದರಿಯು ತಮ್ಮ ವಿಷಯವಾಗಿ ಒಂದಕ್ಷರವನ್ನೂ ಬರೆದಿಲ್ಲ. ಅವರ ಪರವಾಗಿ ನಾವೇ ಎರಡು ಮಾತು ಹೇಳುತ್ತೇವೆ. ಸಂಸಾರದ ಪ್ರವಾಸಗಳಲ್ಲಿ ಎಲ್ಲರಿಗೂ ರಜೆ, ಗೃಹಿಣಿಗೆ ಮಾತ್ರ ಸ್ಥಳಾಂತರವಾದ ಅಡುಗೆಮನೆ. ಮೂರು ಗಂಟೆಗೆ ಎದ್ದು ಬುತ್ತಿ ಕಟ್ಟುವುದು, ಒದ್ದೆ ಬಟ್ಟೆ ಹಿಂಡುವುದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆಟ್ಟಿಗೆ ಜೋಡಿಸುವುದು. ಉದ್ಯಾನದೊಳಕ್ಕೆ ಹೊರಗಿನ ಆಹಾರವನ್ನು ಒಯ್ಯಲು ಬಿಡುವುದಿಲ್ಲವಾದುದರಿಂದ ಬುತ್ತಿಯ ಭಾರವು ತಾನಾಗಿಯೇ ತಪ್ಪುವುದು. ಎಳೆಮಗುವಿನ ಆಹಾರ, ಔಷಧಗಳ ವಿಷಯವನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ವಸತಿಯನ್ನು ಆರಿಸುವಾಗ ಬೆಳಗಿನ ತಿಂಡಿಯು ಬಾಡಿಗೆಯಲ್ಲಿ ಸೇರಿರುವ ಗೃಹವನ್ನೇ ಆರಿಸಿ. ಅತ್ತೆಯವರಿಗೆ ಮಡಿಯ ನೇಮವಿದ್ದರೆ, ಸಸ್ಯಾಹಾರವನ್ನು ಬೇರೆಯಾಗಿ ಬೇಯಿಸುವರೇ, ಖಾರವಿಲ್ಲದ ಅನ್ನ ಮೊಸರು ರಾತ್ರಿ ಒಂಬತ್ತರ ಮೇಲೂ ಸಿಗುವುದೇ ಎಂದು ಮುಂಚೆಯೇ ವಿಚಾರಿಸಿ. ಮಧ್ಯಾಹ್ನ ಮಗುವಿನ ಜೊತೆಗೆ ಕೊಠಡಿಗೆ ಹೋಗುವ ಸರದಿಯು ಯಜಮಾನರದಾಗಲಿ. ಆ ಎರಡು ಗಂಟೆ ಗೃಹಿಣಿಯು ತನ್ನ ಮಗನೊಡನೆ ಅಲೆಗಳ ಕೊಳದಲ್ಲಿ ನಿಂತು ನಗಲಿ.

ನಮ್ಮ ಸಲಹೆ

ಇಷ್ಟೆಲ್ಲವನ್ನೂ ತೂಗಿನೋಡಿ ನಾವು ಹೇಳುವುದಿಷ್ಟು. ಐವರೂ ಹೋಗಿ. ಉದ್ಯಾನಕ್ಕೆ ಆದಷ್ಟು ಸಮೀಪದಲ್ಲಿ, ಒಂದಕ್ಕೊಂದು ಅಂಟಿದ ಎರಡು ಕೊಠಡಿಗಳನ್ನು ಆಟದ ದಿನದ ಒಂದು ರಾತ್ರಿಗೆ ಮಾತ್ರ ಹಿಡಿಯಿರಿ. ಒಂದರಲ್ಲಿ ಅಜ್ಜಿಯೂ ಮೊಮ್ಮಗನೂ, ಇನ್ನೊಂದರಲ್ಲಿ ದಂಪತಿಗಳೂ ಕಿರಿಯ ಮಗುವೂ. ಇದಕ್ಕೆ ಹಣ ಸಾಲದೆ ಹೋದರೆ ಪ್ರವಾಸವನ್ನು ಆರು ತಿಂಗಳು ಮುಂದಕ್ಕೆ ಹಾಕಬಹುದು. ರಜೆಯ ದಟ್ಟಣೆಯಿಲ್ಲದ ದಿನಗಳಲ್ಲಿ ಕೊಠಡಿಗಳೂ ಸುಲಭವಾಗಿ ಸಿಗುವುವು, ಸಾಲುಗಳೂ ಚಿಕ್ಕವಾಗುವುವು. ಒಬ್ಬರನ್ನು ಮನೆಯಲ್ಲಿ ಬಿಟ್ಟು ಹಣ ಉಳಿಸುವುದಕ್ಕಿಂತ ದಿನವನ್ನು ಮುಂದೂಡಿ ಉಳಿಸುವುದು ಲೇಸು.

ಹಣ ಕಳುಹಿಸುವ ಮೊದಲು ವಸತಿಗೃಹದವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಕತ್ತರಿಸಿ ಇಟ್ಟುಕೊಳ್ಳಲು ಅನುಕೂಲವಾಗುವಂತೆ ಇಲ್ಲಿ ಒಟ್ಟಾಗಿ ಕೊಟ್ಟಿದ್ದೇವೆ:

1. ಮಕ್ಕಳಿಗೆ ಬಾಡಿಗೆ, ಹಾಸಿಗೆ, ತಿಂಡಿ ಇವುಗಳಿಗೆ ಬೇರೆಬೇರೆಯಾಗಿ ಎಷ್ಟು? ಯಾವ ವಯಸ್ಸಿನವರೆಗೆ ಬಿಟ್ಟಿ?
2. ತೆರಿಗೆ ಸೇರಿ ಒಟ್ಟು ಎಷ್ಟು?
3. ಬೆಳಿಗ್ಗೆಯೇ ಬಂದರೆ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುವಿರಾ?
4. ಎರಡು ಕೊಠಡಿಗಳನ್ನು ಪಕ್ಕಪಕ್ಕದಲ್ಲಿ, ನೆಲದಂತಸ್ತಿನಲ್ಲಿ ಕೊಡುವಿರಾ? ಇಲ್ಲವಾದರೆ ಲಿಫ್ಟ್ ಉಂಟೇ?
5. ಬಚ್ಚಲಿನಲ್ಲಿ ಬಿಸಿನೀರು ಯಾವ ಹೊತ್ತಿನಲ್ಲಿ? ಯಾವ ಯಂತ್ರದಿಂದ?
6. ಈಜುಕೊಳಕ್ಕೆ ಬೇಲಿಯೂ ಕಾವಲೂ ಉಂಟೇ?
7. ಉದ್ಯಾನದಿಂದ ನಡುವೆ ಕೊಠಡಿಗೆ ಬಂದು ಮತ್ತೆ ಹೋಗಬಹುದೇ?
8. ಪ್ರಯಾಣ ನಿಂತರೆ ಕಟ್ಟಿದ ಹಣದಲ್ಲಿ ಎಷ್ಟು ಹಿಂದಕ್ಕೆ ಬರುವುದು?

ಉತ್ತರಗಳನ್ನು ಬಾಯಿಮಾತಿನಲ್ಲಿ ಪಡೆದು ಸುಮ್ಮನಾಗದೆ ಬರೆಹದಲ್ಲಿ ತರಿಸಿಕೊಳ್ಳಿ. ವಯಸ್ಕರೆಲ್ಲರ ಗುರುತುಪತ್ರಗಳನ್ನೂ ಮಕ್ಕಳ ವಯಸ್ಸನ್ನು ತೋರಿಸುವ ಕಾಗದವನ್ನೂ ಒಂದೇ ಲಕೋಟೆಯಲ್ಲಿಡಿ.

ಬೀಗರ ಬಿಡದಿಯಲ್ಲಿ ಎಲ್ಲರಿಗಿಂತ ಮೊದಲು ಕಾಫಿ ಸಲ್ಲುತ್ತಿದ್ದುದು ಮನೆಯ ಹಿರಿಯ ಮುತ್ತೈದೆಗೋ ಅಜ್ಜಿಗೋ ಎಂಬುದನ್ನು ನಮ್ಮ ವಾಚಕರು ಮರೆತಿರಲಾರರು. ಆ ಕ್ರಮವನ್ನು ಹಣ ಕೊಟ್ಟು ಇಳಿದ ವಸತಿಗೃಹದಲ್ಲಿ ನಡೆಸಿಕೊಡುವವರು ಬೇರೆ ಯಾರೂ ಇರುವುದಿಲ್ಲ, ನಾವೇ ನಡೆಸಬೇಕು. ಮುಂದಿನ ತಿಂಗಳು ಇದೇ ಪುಟದಲ್ಲಿ, ಮಕ್ಕಳೊಡನೆ ರಾತ್ರಿಯ ರೈಲಿನಲ್ಲಿ ಪ್ರಯಾಣ ಮಾಡುವವರು ಗಮನಿಸತಕ್ಕ ಸಂಗತಿಗಳನ್ನು ಕುರಿತು ಬರೆಯುವೆವು. ಈ ವಿಷಯದಲ್ಲಿ ಅನುಭವವುಳ್ಳ ಸೋದರ ಸೋದರಿಯರು ತಮ್ಮ ಅಭಿಪ್ರಾಯಗಳನ್ನು ತಿಳಿಸಿದರೆ ಸಂತೋಷದಿಂದ ಸೇರಿಸಿಕೊಳ್ಳುವೆವು.